ನಾನು ಹಾಕದ ರೂಟ್

ಮಾರ್ಚ್ 4
ಅತ್ತೆಯ ಕೋಣೆಯ ಟಿವಿ ಮತ್ತೆ ನಿಂತು ನಿಂತು ಓಡುತ್ತಿದೆ. ಇಂಟರ್‌ನೆಟ್ ಚಾನೆಲ್‌ಗಳ ಹಣೆಬರಹ. ಕಂಪನಿಯವರು ಫೋನಿನಲ್ಲಿ ಹೇಳಿದಂತೆ ರೂಟರ್‌ನಲ್ಲಿ ಮಲ್ಟಿಕಾಸ್ಟ್ ಸೆಟ್ಟಿಂಗ್ ಆನ್ ಮಾಡಿದೆ. ವಿಡಿಯೋ ಬೇಕೆಂದವರಿಗೆ ಮಾತ್ರ ಹಂಚುತ್ತದಂತೆ. ಚಿತ್ರ ಸರಿಹೋಯಿತು. ಅತ್ತೆ ನೋಡಲಿಲ್ಲ. ಈಚೆಗೆ ಸಂಜೆಯೆಲ್ಲ ನಿದ್ದೆಯೇ.

ಮಾರ್ಚ್ 5
ಟಿವಿ ಆಫ್. ಆದರೂ ಆ ಕೋಣೆಯಿಂದ ವಿಡಿಯೋ ಹೋಗುತ್ತಿದೆ ಎನ್ನುತ್ತದೆ ರೂಟರ್. ರೂಟಿಂಗ್ ಪುಟ ತೆರೆದೆ — ನಾನು ಹಾಕದ ಒಂದು ರೂಟ್. ನಮ್ಮ ಮನೆಯಿಂದ ಇನ್ಯಾವುದೋ ಮನೆಗೆ ವಿಡಿಯೋ ಸಾಗಿಸುವ ದಾರಿ.
ಇವರನ್ನು ಕೇಳಿದೆ. ತನಗೆ ಅದರ ಗಂಧಗಾಳಿಯೂ ಇಲ್ಲ ಎಂದರು.
ಕಳೆದ ತಿಂಗಳು ಬಂದಾಗ ರೂಟರ್ ಮುಂದೆ ಕೂತವಳು ನಾದಿನಿ. ನೆಟ್‌ವರ್ಕ್ ಅವಳ ಕಸುಬು. ಅಮ್ಮನಿಗೆಂದು ಗೋಡೆ ಗಡಿಯಾರ ತಂದವಳೂ ಅವಳೇ…

ಮಾರ್ಚ್ 6, ಬೆಳಿಗ್ಗೆ
ಗಡಿಯಾರ ಇಳಿಸಿದೆ. ಹನ್ನೆರಡರ ಅಂಕಿಯ ಕೆಳಗೆ ಕ್ಯಾಮೆರಾ. ಮೈಯೆಲ್ಲ ಉರಿಯಿತು. ಅತ್ತೆಯ ಮೈ ಒರೆಸುವವಳು ನಾನು, ಬಟ್ಟೆ ಬದಲಿಸುವವಳು ನಾನು. ಕಾವಲೂ ನನ್ನ ಮೇಲೆಯೇ! ಗಡಿಯಾರ ಮತ್ತೆ ನೇತುಹಾಕಿ, ರೂಟ್ ಅಳಿಸಿದೆ.
ಹಾಲು ಕಾಯುವಷ್ಟರಲ್ಲಿ ನಾದಿನಿಯ ಫೋನು. ವಾರಗಟ್ಟಲೆ ಮಾತಿಲ್ಲದವಳು.
“ಅತ್ತಿಗೆ, ಅಮ್ಮ ಹುಷಾರಾಗಿದ್ದಾಳಾ?”
ಕುಂಬಳಕಾಯಿ ಕಳ್ಳ ಎನ್ನುವ ಮೊದಲೇ ಹೆಗಲು ಮುಟ್ಟಿ ನೋಡಿಕೊಂಡಳು. ಚೆನ್ನಾಗಿದ್ದಾರೆ ಎಂದು ಇಟ್ಟುಬಿಟ್ಟೆ.
ಇವರು ಸ್ನಾನಕ್ಕೆ ಹೋದಾಗ ಅತ್ತೆಯನ್ನೇ ಕೇಳಿದೆ. ಕ್ಯಾಮೆರಾ ಹಾಕಿಸಿದ್ದು ತಾನೇ ಎಂದರು.
“ನಿನ್ನ ಮೇಲಲ್ಲ ಕಣೇ. ನೀನು ಅಂಗಡಿಗೆ ಹೋದ್ಮೇಲೆ ಮಧ್ಯಾಹ್ನ ಅವನೊಂದು ಮಾತ್ರೆ ಕೊಡ್ತಾನೆ. ಆಮೇಲೆ ನಂಗೇನೂ ಗೊತ್ತಾಗಲ್ಲ.”
ಡಾಕ್ಟರು ಮಧ್ಯಾಹ್ನಕ್ಕೆ ಯಾವ ಮಾತ್ರೆಯನ್ನೂ ಬರೆದಿಲ್ಲ. ಆ ಹೊತ್ತಿಗೆ ಮನೆಯಲ್ಲಿರುವವರು ಇವರೊಬ್ಬರೇ.

ಮಾರ್ಚ್ 7
ನಾನು ಕೆಲಸ ಮಾಡುವ ಕನ್ನಡಕದಂಗಡಿಯಿಂದಲೇ ನಾದಿನಿಗೆ ಫೋನು ಮಾಡಿದೆ. ನನಗೇಕೆ ಹೇಳಲಿಲ್ಲ ಎಂದೆ. “ನೀವೂ ಅಣ್ಣನ ಜೊತೆ ಸೇರಿರಬಹುದು ಅಂದ್ಕೊಂಡೆ.” ಸಿಟ್ಟು ಬರಲಿಲ್ಲ. ನಾನೂ ಅವಳನ್ನು ಅನುಮಾನಿಸಿದ್ದೆನಲ್ಲ.
ಮಾತ್ರೆ ಕೊಡುವುದನ್ನು ಅವಳು ಕ್ಯಾಮೆರಾದಲ್ಲಿ ನೋಡಿದ್ದಾಳೆ. ಯಾವ ಮಾತ್ರೆಯೋ ಕಾಣಿಸಿಲ್ಲ. ನಾಳೆ ಡಾಕ್ಟರನ್ನು ಕರೆದುಕೊಂಡೇ ಬರುತ್ತಾಳೆ. ಸಂಜೆ, ಅವಳು ನೋಡುತ್ತಿರಲೆಂದು, ರೂಟ್ ಮತ್ತೆ ಹಾಕಿದೆ.

ಮಾರ್ಚ್ 8, ಮಧ್ಯಾಹ್ನ
ರಜೆ ಹಾಕಿದೆ. ಯಾಕೆ ಎಂದರು ಇವರು. ತಲೆನೋವು ಎಂದೆ. ಊಟವಾದ ಮೇಲೆ ರೂಟರ್ ಪಾಸ್‌ವರ್ಡ್ ಕೇಳಿದರು.
“ಅವತ್ತು ಏನೋ ರೂಟ್ ಅಂದ್ಯಲ್ಲ, ನೋಡ್ತೀನಿ.”
ಮರೆತುಹೋಗಿದೆ ಎಂದೆ. ನನ್ನ ಮುಖವನ್ನೇ ನೋಡಿದರು. ಪರವಾಗಿಲ್ಲ, ರೀಸೆಟ್ ಮಾಡುತ್ತೇನೆ ಎಂದು ರೂಟರ್ ಹಿಂದಿನ ತೂತಿಗೆ ಚುಚ್ಚಲು ಪಿನ್ನು ಹುಡುಕಲು ಹೋದರು.
ಅತ್ತೆಯ ಕೋಣೆಗೆ ಬಂದು ಒಳಗಿನಿಂದ ಚಿಲಕ ಹಾಕಿದ್ದೇನೆ. ಅತ್ತೆ ಎಚ್ಚರವಾಗಿದ್ದಾರೆ, ನನ್ನ ಸೆರಗು ಹಿಡಿದಿದ್ದಾರೆ. ನಾದಿನಿಯ ಮೆಸೇಜು: ಕಾರು ಇನ್ನೂ ಊರಾಚೆಯ ಸೇತುವೆ ದಾಟಿಲ್ಲ.
ವೈಫೈ ಹೋಯಿತು, ಅದರ ಜೊತೆ ಕ್ಯಾಮೆರಾವೂ. ಹೊರಗೆ ಹೆಜ್ಜೆ. ಕರೆಯುತ್ತಿಲ್ಲ, ಬರೀ ಬಾಗಿಲ ಹಿಡಿಯನ್ನು ತಿರುಗಿಸುತ್ತ—