ಅರ್ಥವಾಗದವರ ಬೆಂಚು

ಮೇಡಂ,

ಹೈಸ್ಕೂಲಿನಲ್ಲಿ ಮೇಷ್ಟ್ರಾಗುವ ಆಸೆಯಿದ್ದ ನಮ್ಮಿಂದ ನೀವು ಚಿಕ್ಕ ತರಗತಿಗಳಿಗೆ ಪಾಠ ಮಾಡಿಸುತ್ತಿದ್ದಿರಿ. ನೀವೇ ಹಿಂದಿನ ಬೆಂಚಿನಲ್ಲಿ ದಡ್ಡರಂತೆ ಕೂತು "ಅರ್ಥ ಆಗ್ಲಿಲ್ಲ" ಅನ್ನುತ್ತಿದ್ದಿರಿ. ನೀವು ತೀರಿಕೊಂಡ ಮೇಲೆ ಅಲ್ಲಿ ಯಾರೂ ಕೂರುವುದಿಲ್ಲವಂತೆ.

ನಾನು ಮೇಷ್ಟ್ರಾಗಲಿಲ್ಲ, ಶಾಲೆ ಬಿಟ್ಟು ಗ್ಯಾರೇಜು ಸೇರಿದೆ. ಈಗ ತಂಗಿ ಪಾಠ ಮಾಡುವ ಅದೇ ತರಬೇತಿಯಲ್ಲಿದ್ದಾಳೆ. ನಾಳೆ ಅವಳ ಮೊದಲ ಪಾಠ, ಭಿನ್ನರಾಶಿ. ಇವತ್ತು ಗ್ಯಾರೇಜಿನಿಂದ ಬಂದ ನನ್ನನ್ನು ಕೈ ತೊಳೆಯಲೂ ಬಿಡದೆ ಎದುರಿಗೆ ಕೂರಿಸಿಕೊಂಡು ಆ ಪಾಠ ಶುರುಮಾಡಿದಳು.

ನಿಮ್ಮ ಹಾಗೆಯೇ "ಅರ್ಥ ಆಗ್ಲಿಲ್ಲ" ಅಂದೆ. ಮತ್ತೆ ಅಂದಾಗ ರೇಗಿದಳು.

"ಸಾಕು ನಿನ್ನ ನಾಟಕ, ಅಣ್ಣ."

"ನಾಟಕ ಅಲ್ಲ ಕಣೇ. ಈ ಸಲ ನಿಜವಾಗ್ಲೂ ಆಗ್ಲಿಲ್ಲ."

ಅವಳು ನಗಲಿಲ್ಲ. ಒಂದು ಕಾಗದವನ್ನು ನಾಲ್ಕು ಭಾಗವಾಗಿ ಮಡಚಿ ತೋರಿಸುತ್ತಾ ಮೊದಲಿನಿಂದ ಹೇಳಿದಳು. ಅರ್ಥವಾಯಿತು, ಮೇಡಂ.

"ನಾಳೆ ನೀನೂ ಬಂದು ಹಿಂದೆ ಕೂತ್ಕೋ," ಅಂದಳು.

"ಅದು ಮೇಡಂ ಜಾಗ," ಅಂದೆ.

ನನ್ನ ಜಾಗ ಯಾವುದೆಂದು ಅವಳು ಕೇಳಲಿಲ್ಲ.