ಆ ಬುಟ್ಟಿ ಯಾರ ಮನೆಯದು?

ವಸ್ತುಸಂಗ್ರಹಾಲಯದ ಮಾನ್ಯ ನಿರ್ದೇಶಕರೇ,

ನಿಮ್ಮ ಮೂರನೇ ಗ್ಯಾಲರಿಯ ಒಂದು ಫಲಕ ಸುಳ್ಳು ಹೇಳುತ್ತಿದೆ. ವಿಚಾರಣೆ ಮಾತ್ರ ನನಗೆ, ಬರುವ ಶುಕ್ರವಾರ. ಫಲಕದಲ್ಲಿ ಇಲ್ಲದ್ದನ್ನು ಶಾಲೆಯ ಮಕ್ಕಳಿಗೆ ಹೇಳಿದ್ದು ನನ್ನ ತಪ್ಪಂತೆ. ಕೆಲಸ ಹೋದರೂ ಹೋಗಬಹುದಂತೆ. ಹಾಗಿದ್ದ ಮೇಲೆ ಊರಿಗೆಲ್ಲ ಕೇಳುವ ಹಾಗೆ ಹೇಳಿಬಿಡುವುದೇ ವಾಸಿ.

ನಾನು ಹ್ಯಾರೋದಿಂದ ಟ್ಯೂಬ್ ರೈಲು ಹಿಡಿದು ಬಂದು ಒಂಬತ್ತು ವರ್ಷದಿಂದ ಅಲ್ಲಿ ಕಾವಲು ನಿಲ್ಲುವವಳು. ಗಾಜಿನ ಪೆಟ್ಟಿಗೆಯಲ್ಲಿ ಅಮೆರಿಕದ ಮೂಲನಿವಾಸಿಗಳಾದ ಚೆರೊಕೀ ಜನರ ಒಂದು ಬುಟ್ಟಿಯಿದೆ, ಹೊಳೆಬದಿಯ ಬಿದಿರು ಸೀಳಿ ಎರಡು ಪದರವಾಗಿ ಹೆಣೆದದ್ದು. ‘ಮುಖ್ಯಸ್ಥನ ಮನೆಯಿಂದ ತಂದದ್ದು. ಅವನ ಹೆಂಡತಿ ಹೆಣೆದಿರಬಹುದು’ ಎನ್ನುತ್ತದೆ ಫಲಕ. ಎಂಥ ಔದಾರ್ಯ! ಆ ಮನೆ ಅವನದಲ್ಲ ಸ್ವಾಮಿ. ಆ ಸಮಾಜದಲ್ಲಿ ಮನೆ, ಹೊಲ ಹೆಂಗಸರವು. ಮದುವೆಯಾದ ಗಂಡಸು ಹೆಂಡತಿಯ ಮನೆಗೆ ಬಂದು ಇರುತ್ತಿದ್ದ. ಮಕ್ಕಳು ತಾಯಿಯ ಕುಲಕ್ಕೆ ಸೇರುತ್ತಿದ್ದರು, ಅವರನ್ನು ತಿದ್ದಿ ಬೆಳೆಸುವವನು ಸೋದರಮಾವ. ಇದೆಲ್ಲ ನಿಮ್ಮದೇ ಗ್ರಂಥಾಲಯದ ಪುಸ್ತಕಗಳಲ್ಲಿದೆ. ನಾನು ಊಟದ ಬಿಡುವಿನಲ್ಲಿ ಓದಿದೆ, ನಿಮಗೆ ಬಿಡುವಾಗಿಲ್ಲವೇನೋ.

1730ರಲ್ಲಿ ಏಳು ಮಂದಿ ಚೆರೊಕೀ ಗಂಡಸರು ಇದೇ ಲಂಡನ್ನಿಗೆ ಬಂದು ರಾಜನನ್ನು ಕಂಡು ಒಪ್ಪಂದ ಮಾಡಿಕೊಂಡರು. ಮಾತಾಡಲು ಬಂದವರನ್ನೇ ಮಾಲೀಕರೆಂದು ಇಲ್ಲಿಯವರು ತಿಳಿದರು. ಆಮೇಲೆ ಚರ್ಮದ ವ್ಯಾಪಾರ, ಕರಾರು, ಎಲ್ಲವೂ ಗಂಡಸರೊಡನೆಯೇ. ನೂರು ವರ್ಷ ತುಂಬುವ ಮೊದಲೇ ಚೆರೊಕೀಗಳು ಬಿಳಿಯರ ಮಾದರಿಯಲ್ಲಿ ಸಂವಿಧಾನ ಬರೆದುಕೊಂಡಾಗ ಹೆಂಗಸರಿಗೆ ಮತದ ಹಕ್ಕೂ ಉಳಿದಿರಲಿಲ್ಲ. ಮತ್ತೆ ಹನ್ನೊಂದು ವರ್ಷಕ್ಕೆ ಆ ನೆಲದಿಂದಲೇ ಅವರನ್ನು ಹೊರದಬ್ಬಲಾಯಿತು.

ಇದಕ್ಕೆ ಕುಂದಾಪುರದ ಹೆಂಗಸಿಗೇಕೆ ಇಷ್ಟು ಸಂಕಟ ಎನ್ನುತ್ತೀರಾ? ನಮ್ಮದೂ ಅಳಿಯಸಂತಾನ. ಬಳಿ, ಅಂದರೆ ಕುಲ, ತಾಯಿಯಿಂದ; ಮನೆಯೂ ತಾಯಿಯಿಂದ ಮಗಳಿಗೆ. ಹೊರಗಿನವರು ಬಂದರೆ ಮಾತಾಡುವುದು ಮಾತ್ರ ಅಣ್ಣನೋ ತಮ್ಮನೋ. ಬ್ರಿಟಿಷರ ಕಾಲದಲ್ಲಿ ಸರ್ವೆಗೆ ಬಂದ ಅಧಿಕಾರಿ ಅಂಗಳದಲ್ಲಿ ನಿಂತು ‘ಯಜಮಾನ ಯಾರು?’ ಎಂದು ಕೇಳಿದ. ನನ್ನ ಅಜ್ಜಿ ರುಕ್ಕು ಶೆಡ್ತಿ ರೂಢಿಯಂತೆ ಬಾಗಿಲ ಹಿಂದೆ ನಿಂತು ಅಣ್ಣನನ್ನು ಮುಂದೆ ಕಳಿಸಿದಳು. ಕಾಗದದಲ್ಲಿ ಅಣ್ಣನ ಹೆಸರು ಬಿತ್ತು. ಅವನು ಸತ್ತ ಮೇಲೆ ಅವನ ಮಕ್ಕಳು, ಅಂದರೆ ಬೇರೆ ಬಳಿಯವರು, ಆ ಕಾಗದ ಹಿಡಿದು ಬಂದರು. ಅಜ್ಜಿ ತಾನು ಹುಟ್ಟಿದ ಮನೆಯ ಮೆಟ್ಟಿಲಿಳಿದಳು. ಸಾಯುವ ತನಕ ನನ್ನ ಕೈ ಹಿಡಿದು ಅವಳದು ಒಂದೇ ಮಾತು: “ಮಾತಾಡುಕ್ ಅಣ್ಣನ್ನ ಕಳ್ಸದ್ದ್, ಹೆಣ್ಣೇ, ಮನಿ ಕೊಟ್ಟದ್ದಲ್ಲ.”

ಆ ಮಾತು ನನ್ನನ್ನು ಬಿಟ್ಟಿಲ್ಲ. ಸಂಜೆ ಜನರೆಲ್ಲ ಹೋದ ಮೇಲೆ ಆ ಗಾಜಿನಲ್ಲಿ ನನ್ನ ಮುಖದ ಹಿಂದೆ ಇನ್ನೊಬ್ಬಳು ನಿಂತಿರುತ್ತಾಳೆ. ಅಜ್ಜಿಯೋ, ಬುಟ್ಟಿ ಹೆಣೆದವಳೋ ಗೊತ್ತಾಗುವುದಿಲ್ಲ. ತಿರುಗಿ ನೋಡಲು ಭಯ. ಕಳೆದ ತಿಂಗಳು ಹೌನ್ಸ್ಲೋ ಕಡೆಯ ಶಾಲೆಯ ಪುಟ್ಟ ಹುಡುಗಿಯೊಬ್ಬಳು ಫಲಕ ಓದಿ, “ಸೋ ಇಟ್ ವಾಸ್ ಹಿಸ್ ಹೌಸ್?” ಎಂದಳು. “ನೋ ಡಾರ್ಲಿಂಗ್, ಹರ್ ಹೌಸ್” ಎಂದೆ. ನನ್ನ ಅಪರಾಧ ಇಷ್ಟೇ.

ಫಲಕ ಬದಲಿಸಿ. ಚೆರೊಕೀ ಜನರು ಇಂದಿಗೂ ಇದ್ದಾರೆ, ಅವರನ್ನೇ ಕೇಳಿ ಬರೆಯಿರಿ. ಅಲ್ಲಿಯ ತನಕ ಇಷ್ಟು ಸಾಕು: ‘ಈ ಮನೆ ಒಬ್ಬ ಹೆಂಗಸಿನದು. ಅವಳ ಹೆಸರನ್ನು ನಾವು ಕೇಳಲಿಲ್ಲ.’

ವಿಚಾರಣೆಗೆ ನನ್ನ ಪರ ಮಾತಾಡಲು ಒಬ್ಬರನ್ನು ಕರೆತರಬಹುದೆಂದು ನಿಮ್ಮ ಪತ್ರದಲ್ಲಿದೆ. ಇಲ್ಲೇ ಪಾರ್ಕ್ ರಾಯಲ್‌ನಲ್ಲಿ ಕೆಲಸ ಮಾಡುವ ನನ್ನ ತಮ್ಮ ಸತ್ಯಪ್ರಕಾಶ ಫೋನ್ ಮಾಡಿ, “ನಾ ಬತ್ತೆ ಅಕ್ಕ, ನಾನೇ ಮಾತಾಡ್ತೆ” ಎಂದ. ಪಾಪ, ಒಳ್ಳೆಯವನು. ಬೇಡ ಎಂದೆ. ಶುಕ್ರವಾರ ನಾನೊಬ್ಬಳೇ ಬರುತ್ತೇನೆ, ನಾನೇ ಮಾತಾಡುತ್ತೇನೆ.

ಇಂತಿ,
ಶುಕ್ರವಾರದ ತನಕವಂತೂ ನಿಮ್ಮ ಕಾವಲಿನವಳು,
ಪ್ರಫುಲ್ಲಾ
ರುಕ್ಕು ಶೆಡ್ತಿಯ ಮಗಳ ಮಗಳು