ಗುದ್ದದೆ ಬಂದ ಕಂಚು

ನಮ್ಮ ಮನೆ,
ಭಾನುವಾರ ಮಧ್ಯಾಹ್ನ, ಕಿಟಕಿಯ ಪಕ್ಕ

ಹಡಗಿನ ಅಡುಗೆಮನೆಯ ಚಕ್ರವರ್ತಿಗಳೂ, ಈ ಮನೆಯ ಯಜಮಾನರೂ, ನನ್ನ ಪಾಲಿಗೆ ಬಂದ ಗಂಡನೂ ಆದ ನಿಮಗೆ,

ಸಮಸ್ತ ಲೋಕಕ್ಕೆ, ಅದರಲ್ಲೂ ಸಮುದ್ರದ ಮೇಲಿರುವವರಿಗೆ ತಿಳಿಯಪಡಿಸುವುದೇನೆಂದರೆ, ನಮ್ಮ ನಡುಮನೆಯ ಗೋಡೆಗೆ ಒಂದು ಮೊಳೆ ಹೊಡೆಯಲಾಗಿದೆ. ಸಾಮಾನ್ಯ ಮೊಳೆಯಲ್ಲ, ಹಿತ್ತಾಳೆಯದು. ಹೊಡೆದವನು ನಿಮ್ಮ ತಮ್ಮ. ಡ್ರಿಲ್ಲಿಂಗ್ ಮಷೀನನ್ನು ಯಾರಿಂದಲೋ ಬೇಡಿ ತಂದು, ಸ್ಟೂಲಿನ ಮೇಲೆ ನಿಂತು, "ಅತ್ತಿಗೆ, ಇಲ್ಲೇನಾ? ಇನ್ನೂ ಮೇಲಾ? ಸ್ವಲ್ಪ ಎಡಕ್ಕಾ?" ಎಂದು ಅರ್ಧ ಬೀದಿಯ ಅಭಿಪ್ರಾಯ ಸಂಗ್ರಹಿಸಿ, ಕೊನೆಗೆ ಯಾರೂ ಹೇಳದ ಜಾಗದಲ್ಲಿ ತೂತು ಕೊರೆದ. ಗೋಡೆಯೊಳಗೆ ವೈರು ಇತ್ತು. ಮೊಳೆ ಗಟ್ಟಿಯಾಗಿ ಕೂತಿದೆ, ಕರೆಂಟ್ ಎದ್ದು ಹೋಗಿದೆ. ನಿಮ್ಮ ಮಗಳ ಪದಕಕ್ಕೆಂದು ಹೊಡೆದ ಆ ಮೊಳೆಯಲ್ಲಿ ಈ ಹೊತ್ತು ನನ್ನ ಹೊಲಿಗೆಯ ಟೇಪು ನೇತಾಡುತ್ತಿದೆ. ಯಾಕೆ ಎಂಬುದೇ ಈ ಪತ್ರ.

ಅದಕ್ಕೆ ಮೊದಲು ಕ್ಷೇಮ ಸಮಾಚಾರ. ನಿಮ್ಮ ಸೊಂಟದ ನೋವು ಹೇಗಿದೆ? ಉಪ್ಪುನೀರಿನ ಗಾಳಿಗೆ ಕೆಮ್ಮು ತಿರುಗಿ ಬಂತೇ? ಬನಿಯನ್ ಮೇಲೆ ಇನ್ನೊಂದು ಬನಿಯನ್ ಹಾಕಿಕೊಳ್ಳಿ ಎಂದರೆ ನಗುತ್ತೀರಿ. ಹಾಕಿಕೊಳ್ಳಿ. ಚೆನ್ನಾಗಿ ಉಂಡು, ನಿದ್ದೆ ಮಾಡಿ, ಮೈಯಲ್ಲಿ ಒಂದಿಷ್ಟು ಕಸುವು ತುಂಬಿಕೊಂಡ ಮೇಲೆ ಮುಂದಿನದನ್ನು ಓದಿ. ಅಶಕ್ತರು ಓದುವ ಪತ್ರ ಇದಲ್ಲ.

ಫೋನಿನಲ್ಲೇ ಹೇಳಬಹುದಿತ್ತಲ್ಲ ಎನ್ನಬೇಡಿ. ಇಷ್ಟು ವರ್ಷದ ಸಂಸಾರದಲ್ಲಿ ನಾನು ಕಂಡುಕೊಂಡ ವಿಜ್ಞಾನದ ಸತ್ಯವೊಂದಿದೆ: ನನ್ನ ಸಿಟ್ಟು ಏರಿದಷ್ಟೂ ನಿಮ್ಮ ಸಮುದ್ರದ ಸಿಗ್ನಲ್ ಇಳಿಯುತ್ತದೆ. "ಹಲೋ, ಹಲೋ, ಕೇಳಿಸ್ತಿಲ್ಲ ಕಣೇ" ಎಂದು ನೀವು ಕೂಗುವ ಹೊತ್ತಿಗೆ ನಿಮ್ಮ ಹಿಂದೆ ಪಾತ್ರೆ ತೊಳೆಯುವ ಸದ್ದು ನನಗೆ ಸ್ಪಷ್ಟವಾಗಿ ಕೇಳಿಸುತ್ತಿರುತ್ತದೆ. ಕಾಗದಕ್ಕೆ ಸಿಗ್ನಲ್ ಬೇಡ. ಮುಂದಿನ ಬಂದರಿನಲ್ಲಿ ನಿಮ್ಮ ಕೈಗೇ ಕೊಡುತ್ತೇವೆ ಎಂದು ಕಂಪನಿಯ ಆಫೀಸಿನವರು ಒಪ್ಪಿದ್ದಾರೆ. ಮಧ್ಯದಲ್ಲಿ ಕಟ್ ಮಾಡಲು ಬರುವುದಿಲ್ಲ.

ಮಗಳು ಪ್ರಾಂತೀಯ ಕ್ರೀಡಾಕೂಟದಿಂದ ಬಾಕ್ಸಿಂಗ್ ಕಂಚು ತಂದದ್ದು ನಿಮಗೆ ಗೊತ್ತು. ಗೊತ್ತಿರಬೇಕಾದ್ದಕ್ಕಿಂತ ಹೆಚ್ಚೇ ಗೊತ್ತು, ಅಲ್ಲಿಗೆ ಆಮೇಲೆ ಬರುತ್ತೇನೆ. ಟೈರ್ ಅಂಗಡಿಯ ಮೇಲಿನ ಆ ಹಾಲ್‌ನಲ್ಲಿ, ರಬ್ಬರ್ ವಾಸನೆಯ ನಡುವೆ, ನಮ್ಮ ಚಪ್ಪಟೆ ಮೂಗಿನ ಕೋಚ್ ಮೇಷ್ಟ್ರು ಅವಳನ್ನು ಹೇಗೆ ತಯಾರು ಮಾಡಿದ್ದರು ಎಂಬುದನ್ನು ನೀವು ಹೋದ ರಜೆಯಲ್ಲಿ ಕಂಡಿದ್ದೀರಿ. ಬೆಳಗಿನ ಹೊತ್ತು ಓಟ, ಆಮೇಲೆ ಹಗ್ಗ, ಆಮೇಲೆ ಚೀಲಕ್ಕೆ ಗುದ್ದು. ಅವಳ ತೂಕ ಏರದ ಹಾಗೆ ನಾನು ಮನೆಯಲ್ಲಿ ಎಣ್ಣೆ ಡಬ್ಬಿಯನ್ನು ಅಟ್ಟದ ಮೇಲಿಟ್ಟಿದ್ದೆ. ಬಡಪಾಯಿ ನಿಮ್ಮ ತಮ್ಮನೂ ಅವಳ ಜೊತೆ ಬೇಯಿಸಿದ ತರಕಾರಿ ತಿಂದು ಸನ್ಯಾಸಿಯಾಗಿದ್ದ. ಇಷ್ಟೆಲ್ಲ ಮಾಡಿದ ಮೇಷ್ಟ್ರಿಗೆ ಮಾತ್ರ ತಂಡದ ಜೊತೆ ಹೋಗುವ ಯೋಗವಿರಲಿಲ್ಲ. ಅವರ ಜಾಗದಲ್ಲಿ, ತಂಡ ಕರೆದೊಯ್ದ ಬಾಕ್ಸಿಂಗ್ ಸಂಘದ ಮ್ಯಾನೇಜರರ ಭಾವಮೈದ ಹೋದ. ಅವನಿಗೂ ಬಾಕ್ಸಿಂಗಿಗೂ ಇರುವ ಸಂಬಂಧವೆಂದರೆ, ಟ್ರ್ಯಾಕ್‌ಸೂಟ್ ಅವನಿಗೆ ಚೆನ್ನಾಗಿ ಒಪ್ಪುತ್ತದೆ. ಹೊಲಿಗೆಯವಳಾಗಿ ಅಷ್ಟನ್ನು ನಾನು ಒಪ್ಪಿಕೊಳ್ಳಬೇಕು.

ಈಗ ಆ ಕಂಚಿನ ಕಥೆ, ಮೇಷ್ಟ್ರು ನನಗೆ ಬಿಡಿಸಿ ಹೇಳಿದ ಹಾಗೆ. ಬಾಕ್ಸಿಂಗಿನಲ್ಲಿ ಮೂರನೇ ಸ್ಥಾನಕ್ಕೆಂದು ಬೇರೆ ಪಂದ್ಯವಿಲ್ಲವಂತೆ. ಸೆಮಿಫೈನಲ್‌ನಲ್ಲಿ ಸೋತ ಇಬ್ಬರಿಗೂ ಕಂಚು. ಸೋತವರು ಏಟು ತಿಂದ ದಿನವೇ ಮತ್ತೆ ಹೊಡೆದಾಡುವುದು ಬೇಡ ಎಂಬ ಕರುಣೆಯಿರಬೇಕು. ನಮ್ಮವಳ ತೂಕದಲ್ಲಿ ಬಂದವರು ಬೆರಳೆಣಿಕೆಯ ಹುಡುಗಿಯರು. ಚೀಟಿ ಎತ್ತಿದಾಗ ಇವಳಿಗೆ ಮೊದಲ ಸುತ್ತಿನಲ್ಲಿ ಎದುರಾಳಿಯೇ ಇಲ್ಲದೆ ನೇರ ಸೆಮಿಫೈನಲ್ ಸಿಕ್ಕಿತು. ಅಂದರೆ ಕೈಗೆ ಗ್ಲೌಸ್ ಏರಿಸುವ ಮೊದಲೇ ಕಂಚು ಖಾತ್ರಿ. ಸೆಮಿಫೈನಲ್‌ನಲ್ಲಿ ಎದುರಿಗಿದ್ದವಳು ಆ ಎಡಗೈ ಹುಡುಗಿ, ಹೋದ ವರ್ಷ ಒಬ್ಬಳ ಮೂಗು ಮುರಿದವಳು. ನಮ್ಮವಳು ಹೊರಡುವ ಮೊದಲೇ ಅವಳಿಗಾಗಿ ಮನೆಯ ಕನ್ನಡಿಯ ಮುಂದೆ ನಿಂತು ಎಡಕ್ಕೆ ಜಾರುವುದನ್ನು, ಬಲಗೈ ನೇರ ಬಿಡುವುದನ್ನು ಕಲಿತಿದ್ದಳು. ನಾನು ಬ್ಲೌಸಿಗೆ ಗುಂಡಿ ಹಾಕುತ್ತಾ ಕೂತಿದ್ದರೆ ನನ್ನ ಕಿವಿಯ ಪಕ್ಕದಲ್ಲೇ ಸುಯ್ ಎನ್ನುತ್ತಿತ್ತು.

ಪಂದ್ಯದ ಬೆಳಿಗ್ಗೆ ಡಾಕ್ಟರು ಎಲ್ಲರನ್ನೂ ನೋಡಿದರು. ಇವಳ ಹುಬ್ಬಿನ ಹತ್ತಿರ ಅಭ್ಯಾಸದಲ್ಲಿ ಆದ ಗೀರು ಒಂದಿತ್ತು, ಬೆಕ್ಕು ಪರಚಿದಷ್ಟು. ಡಾಕ್ಟರು ಹೊರಗೆ ಹೋದರು, ಮ್ಯಾನೇಜರರು ಒಳಗೆ ಬಂದರು. "ಗಾಯ ಹಸಿ ಇದೆಯಂತೆ ಮಗಾ, ಡಾಕ್ಟರು ಬಿಡ್ತಿಲ್ಲ. ನಾನು ಎಷ್ಟು ಕೇಳ್ಕೊಂಡೆ!" ಎಂದರು. ಎಡಗೈಯವಳು ರಿಂಗಿನಲ್ಲಿ ಒಬ್ಬಳೇ ನಿಂತಳು, ರೆಫರಿ ಅವಳ ಕೈ ಎತ್ತಿದ, ಅಷ್ಟೇ. ನಮ್ಮವಳು ಗೋಡೆಯ ಪಕ್ಕ, ಕೈಗೆ ಸುತ್ತಿದ ಬಟ್ಟೆಯನ್ನೂ ಬಿಚ್ಚದೆ, ಅದನ್ನು ನೋಡಿದಳು. ಸಂಜೆ ಕೊರಳಿಗೆ ಕಂಚು ಬಿತ್ತು.

ಮನೆಗೆ ಬಂದವಳ ಮುಖ ನೋಡಬೇಕಿತ್ತು ನೀವು. ಬೀದಿಯೆಲ್ಲ ಕೇಳುವವರೇ: "ಹೇಗೆ ಗುದ್ದಿದೆ, ಒಂಚೂರು ತೋರ್ಸು!" ಕೆಳಮನೆಯ ನಿವೃತ್ತ ಗುಮಾಸ್ತರು ತಮ್ಮ ಬುರುಡೆಯನ್ನೇ ಮುಂದೆ ಒಡ್ಡಿ, "ಇಲ್ಲಿ, ಮೆಲ್ಲಗೆ, ಆಶೀರ್ವಾದದ ಹಾಗೆ" ಎಂದರು. ಇವಳು ನಕ್ಕು ಒಳಗೆ ಬಂದು ಬಾಗಿಲು ಹಾಕಿಕೊಂಡಳು. "ಅಮ್ಮಾ, ಈ ಹಾಳು ಹುಬ್ಬಿನಿಂದ ಹೀಗಾಯ್ತು" ಎಂದು ಆ ಬೆಕ್ಕಿನ ಗೀರನ್ನು ಕನ್ನಡಿಯಲ್ಲಿ ದಿನವೂ ಬೈದಳು. ತನ್ನ ಮೈಯೇ ತನಗೆ ಕೈಕೊಟ್ಟಿತು ಎಂದು ನಂಬಿದ್ದಳು. ನಾನೂ ನಂಬಿದ್ದೆ. ಗೋಡೆಗೆ ಮೊಳೆ ಹೊಡೆಸಿದ್ದು ಅವಳಿಗೆ ಸಮಾಧಾನವಾಗಲಿ ಎಂದೇ.

ಆಮೇಲೆ ಸನ್ಮಾನ ಬಂತು. ಸಂಘದ ಸಭಾಂಗಣ, ಪ್ಲಾಸ್ಟಿಕ್ ಕುರ್ಚಿಗಳು, ಸಿಳ್ಳೆ ಹಾಕುವ ಮೈಕು. ವೇದಿಕೆಯ ಮೇಲೆ ನಿಮ್ಮ ಮಗಳು ಪದಕ ಹಾಕಿಕೊಂಡು ಕೂತಿದ್ದಳು. ಮ್ಯಾನೇಜರರು ಮೈಕಿನ ಮುಂದೆ ಎದೆಯುಬ್ಬಿಸಿ ನಿಂತು, ಪಕ್ಕದ ಸಂಘಕ್ಕೆ ಎಷ್ಟು ಗಾಯ, ನಮಗೆ ಎಷ್ಟು ಪದಕ ಎಂದೆಲ್ಲ ಹೇಳಿ, ಕೊನೆಗೆ ಕಣ್ಣು ಒದ್ದೆ ಮಾಡಿಕೊಂಡು ಅಂದರು: "ಈ ಕಂಚಿಗೆ ನಾವು ಇನ್ನೊಬ್ಬರ ಉಪಕಾರ ನೆನೀಬೇಕು. ಹುಡುಗಿಯ ತಂದೆ! ಹಡಗಿನಿಂದ ನನಗೆ ಫೋನ್ ಮಾಡಿ ಏನಂದ್ರು ಗೊತ್ತಾ? ಸರ್, ಬೆಂದ ಮೇಲೂ ಉರಿ ಹಾಕಿದ್ರೆ ತಳ ಹತ್ತುತ್ತೆ. ಕಂಚು ಹೇಗೂ ಬಂತು, ನನ್ನ ಮಗಳನ್ನ ಆ ಎಡಗೈಯವಳ ಎದುರು ನಿಲ್ಲಿಸಬೇಡಿ ಅಂದ್ರು. ನಾನೂ ಒಬ್ಬ ಅಪ್ಪನೇ ಅಲ್ವಾ? ಡಾಕ್ಟರ ಹೆಸರು ಹೇಳಿ ಹೇಗೋ ನಿಭಾಯಿಸಿಬಿಟ್ಟೆ!"

ಜನ ಚಪ್ಪಾಳೆ ತಟ್ಟಿದರು. ನನ್ನ ಪಕ್ಕದ ಹೆಂಗಸು, "ಪುಣ್ಯ ಮಾಡಿದ್ರಿ, ಎಂಥಾ ಅಪ್ಪ!" ಎಂದು ನನ್ನ ತೋಳು ಹಿಂಡಿದಳು. ನಾನು ವೇದಿಕೆಯನ್ನೇ ನೋಡುತ್ತಿದ್ದೆ. ನಿಮ್ಮ ಮಗಳು ಬೆರಳಿನಿಂದ ಹುಬ್ಬು ಮುಟ್ಟಿಕೊಂಡಳು. ಆಮೇಲೆ ಎದ್ದಳು. ಪದಕ ತೆಗೆದು ಮ್ಯಾನೇಜರರ ಕೊರಳಿಗೆ ಹಾಕಿ, ಮೈಕಿನಲ್ಲಿ ಸೌಮ್ಯವಾಗಿಯೇ ಹೇಳಿದಳು: "ಸರ್, ಇದಕ್ಕೆ ನಾನೂ ಗುದ್ದಲಿಲ್ಲ, ನೀವೂ ಗುದ್ದಲಿಲ್ಲ. ಓಡಾಡಿದ್ದು ಮಾತ್ರ ನೀವು. ನಿಮಗೇ ಇರ್ಲಿ." ಜನಕ್ಕೆ ಇದು ಗುರುಭಕ್ತಿಯೆಂದು ಕಂಡಿತು. ಇನ್ನೂ ಜೋರಾಗಿ ತಟ್ಟಿದರು. ಫೋಟೊದವನು ಕ್ಲಿಕ್ ಮಾಡಿದ. ಆ ಫೋಟೊ ಈಗ ಸಂಘದ ಬಾಗಿಲಲ್ಲಿದೆ. ಅದರಲ್ಲಿ ಕಂಚು ಗೆದ್ದವರು ಮ್ಯಾನೇಜರರು, ಮತ್ತು ಆ ಬಗ್ಗೆ ಅವರ ಮುಖದಲ್ಲಿ ಅಂಥ ಸಂಕೋಚವೇನೂ ಕಾಣುವುದಿಲ್ಲ.

ಈಗ ನಿಮ್ಮ ಸರದಿ. ಕೂತುಕೊಳ್ಳಿ.

ಬೆಂದಿತ್ತೇನ್ರೀ? ಏನು ಬೆಂದಿತ್ತು? ಒಲೆಯೇ ಹಚ್ಚಿರಲಿಲ್ಲ! ಅಕ್ಕಿಯನ್ನು ನೀರಿಗೆ ಹಾಕಿ, ತಟ್ಟೆಗೆ ಸುರಿದು, ಊಟ ರೆಡಿ ಎಂದು ನಿಮ್ಮ ಕ್ಯಾಪ್ಟನ್ನಿಗೆ ಬಡಿಸಿ ನೋಡಿ, ನಿಮ್ಮನ್ನು ಸಮುದ್ರಕ್ಕೆ ಎಸೆಯುತ್ತಾನೋ ಇಲ್ಲವೋ! ಇಷ್ಟಾದರೂ ಲೆಕ್ಕ ಹಾಕಬೇಡವೇ: ಅವಳು ರಿಂಗಿಗೆ ಇಳಿದು ಸೋತಿದ್ದರೂ ಬರುತ್ತಿದ್ದುದು ಇದೇ ಕಂಚು, ಇದೇ ರಿಬ್ಬನ್ನು. ಜೊತೆಗೆ ಮೂರು ಸುತ್ತು ಅವಳದ್ದಾಗಿರುತ್ತಿದ್ದವು. ಮೂಗು ಬಾತಿದ್ದರೂ ಬಾತ ಮೂಗು ಅವಳದ್ದೇ. ಆ ಮೂರು ಸುತ್ತನ್ನು ನೀವು ನಡುಸಮುದ್ರದಲ್ಲಿ ಕೂತು ನುಂಗಿಬಿಟ್ಟಿರಿ. ಗೆದ್ದಿದ್ದರೆ ಎಂಬ ಮಾತು ನಿಮ್ಮ ತಲೆಗೆ ಹೊಳೆಯಿತೇ? ಹೊಳೆಯಲಿಲ್ಲ. ಅದನ್ನೇ ಅವಳು ಸನ್ಮಾನ ಮುಗಿದು ಮನೆಗೆ ಬಂದು ಬೂಟಿನ ದಾರ ಬಿಚ್ಚುತ್ತಾ ನನಗೆ ಹೇಳಿದ್ದು: "ಸುಳ್ಳು ಹೇಳಿದ್ರು ಅಂತ ಬೇಜಾರಿಲ್ಲಮ್ಮ. ನಾನು ಸೋಲ್ತೀನಿ ಅಂತ ಅಪ್ಪನಿಗೆ ಖಾತ್ರಿ ಇತ್ತಲ್ಲ, ಅದು." ಅಷ್ಟು ಹೇಳಿ ಗ್ಲೌಸನ್ನು ಹಾಸಿಗೆಯ ಕೆಳಗೆ ತಳ್ಳಿದಳು. ಅಲ್ಲಿಂದ ಇವತ್ತಿನವರೆಗೂ ಅವು ಹೊರಗೆ ಬಂದಿಲ್ಲ. ನನ್ನ ಜೊತೆ ಕೂತು ಪ್ಯಾಂಟಿನ ಅಂಚು ಮಡಚುತ್ತಾಳೆ. ಅಂಚು ಸೊಟ್ಟಗಿರುತ್ತದೆ, ಬಿಚ್ಚಿ ನಾನೇ ಮತ್ತೆ ಹೊಲಿಯುತ್ತೇನೆ.

ನಿಮ್ಮ ಕರುಳು ನನಗೆ ಗೊತ್ತಿಲ್ಲದ್ದಲ್ಲ. ಹಸುಗೂಸಿಗೆ ಚುಚ್ಚುಮದ್ದು ಹಾಕಿಸಲು ಹೋದ ದಿನ ನರ್ಸು ಕೂಸನ್ನು ನನಗೆ ಕೊಟ್ಟು ನಿಮ್ಮ ಮುಖಕ್ಕೆ ನೀರು ಚಿಮುಕಿಸಬೇಕಾಯಿತು. ಅವಳ ಮೊದಲ ಪಂದ್ಯಕ್ಕೆ ಬಂದವರು ಗಂಟೆ ಬಾರಿಸಿದ್ದೇ ಕಣ್ಣು ಮುಚ್ಚಿದಿರಿ. "ಈಗ ಏನಾಯ್ತು? ಈಗ?" ಎಂದು ಕೊನೆಯವರೆಗೂ ನನ್ನನ್ನು ರೇಡಿಯೊ ಮಾಡಿಕೊಂಡಿರಿ. ಪ್ರೀತಿಯೇ, ಒಪ್ಪಿದೆ. ಆದರೆ ಭಯ ನಿಮಗಿತ್ತು, ಅವಳಿಗಿರಲಿಲ್ಲ. ನಿಮ್ಮ ಜ್ವರಕ್ಕೆ ಅವಳ ಬಾಯಿಗೆ ಮಾತ್ರೆ ಹಾಕುವುದು ಯಾವ ವೈದ್ಯ? ಅದೂ ನನ್ನನ್ನು ಕೇಳದೆ, ಅವಳನ್ನು ಕೇಳದೆ, ಆ ಮ್ಯಾನೇಜರನನ್ನು ಕೇಳಿ!

ಇನ್ನೊಂದು ಸಂಗತಿ. ಮೊನ್ನೆ ಕೋಚ್ ಮೇಷ್ಟ್ರ ಪ್ಯಾಂಟಿನ ಜಿಪ್ ಸರಿಮಾಡಿ ಕೊಡಲು ಹಾಲ್‌ಗೆ ಹೋಗುವಾಗ ಇವಳನ್ನೂ ಬಲವಂತವಾಗಿ ಎಳೆದುಕೊಂಡು ಹೋಗಿದ್ದೆ. ಮೆಟ್ಟಿಲ ಮೇಲೆ ಒಬ್ಬ ಹುಡುಗಿ ಕೂತಿದ್ದಳು. ತೆಳ್ಳಗೆ, ಇಸ್ತ್ರಿ ಮಾಡಿದ ಅಂಗಿ, ಮಡಿಲಲ್ಲಿ ಬ್ಯಾಗು. ಪಾಪ, ಕೆಲಸ ಕೇಳಲು ಬಂದಿರಬೇಕು ಎಂದುಕೊಂಡೆ. ಅವಳೇ ಎಡಗೈಯವಳು! ಎಲ್ಲಿಂದಲೋ ಬಸ್ಸು ಹಿಡಿದು ಬಂದಿದ್ದಾಳೆ. ಫೈನಲ್ ಗೆದ್ದು ಚಿನ್ನವೇ ಆಗಿದೆ ಅವಳಿಗೆ, ಆದರೂ ಮುಖ ಹುಳ್ಳಗೆ. ನಮ್ಮವಳನ್ನು ಕಂಡು ಎದ್ದವಳೇ ಶುರು ಮಾಡಿದಳು: "ಎಲ್ಲಿ ಹೋಗಿದ್ದೆ ಕಣೇ ಅವತ್ತು? ನೀನು ಬರ್ಲಿಲ್ಲ, ನನ್ನ ಮರ್ಯಾದೆ ಹೋಯ್ತು. ಸೆಮಿಫೈನಲ್ಲಲ್ಲಿ ಯಾರನ್ನ ಹೊಡೆದೆ ಅಂತಾರೆ, ಗಾಳೀನ ಅನ್ಲಾ? ನಮ್ಮ ಅಂಗಡಿ ಸಾಲಲ್ಲಿ ನನ್ನ ಹೆಸರೇ ಈಗ ಅರ್ಧ ಚಿನ್ನ. ಬಾ, ಒಂದ್ಸಲ ನಿಂತು ಮುಗಿಸೋಣ." ಬಾಗಿಲಿಗೆ ಬಂದ ಮೇಷ್ಟ್ರು ಜಿಪ್ಪನ್ನು ಮರೆತು ಇಬ್ಬರನ್ನೂ ನೋಡುತ್ತಿದ್ದರು, ಮದುವೆ ಕುದುರುತ್ತದೋ ಇಲ್ಲವೋ ಎಂದು ಕಾಯುವ ಸೋದರಮಾವನ ಹಾಗೆ. ಪದಕವಿಲ್ಲ, ವೇದಿಕೆಯಿಲ್ಲ, ಮ್ಯಾನೇಜರರಂತೂ ಇಲ್ಲವೇ ಇಲ್ಲ. ಟೈರ್ ಅಂಗಡಿಯ ಮೇಲೆ ಮೂರು ಸುತ್ತು, ಬರುವ ತಿಂಗಳ ಮೊದಲ ಭಾನುವಾರ, ಅವಳ ಅಂಗಡಿಗೆ ಅವತ್ತು ರಜ. ಇವಳು "ನೋಡೋಣ" ಎಂದಷ್ಟೇ ಹೇಳಿ ಇಳಿದು ಬಂದಳು. ಈಗ ಒಳಕೋಣೆಯಲ್ಲಿದ್ದಾಳೆ. ಅವಳು ಹೋಗದಿದ್ದರೆ ಆ ಗ್ಲೌಸ್ ಇನ್ನು ಹಾಸಿಗೆಯ ಕೆಳಗೇ ಮುದಿಯಾಗುತ್ತವೆ. ಆಗ ಆ ಮೊಳೆಯನ್ನು ನೋಡಿದಾಗಲೆಲ್ಲ ನಾನು ನಿಮ್ಮನ್ನು ನೆನೆಯುತ್ತೇನೆ, ಒಳ್ಳೆಯ ಮಾತಿನಲ್ಲಲ್ಲ.

ನಿಮ್ಮ ತಮ್ಮ ನಮಸ್ಕಾರ ಹೇಳಿದ್ದಾನೆ. ವೈರು ತಾನೇ ಸರಿ ಮಾಡುತ್ತೇನೆ ಎಂದು ಹೆದರಿಸುತ್ತಿದ್ದಾನೆ. ಕಾದ ಎಣ್ಣೆಯ ಹತ್ತಿರ ಹುಷಾರು, ಹಡಗು ಓಲಾಡುವಾಗ ದೊಡ್ಡ ಬಾಣಲೆ ಇಡಬೇಡಿ. ದೇವರು ನಿಮ್ಮನ್ನು ಕ್ಷೇಮವಾಗಿ ದಡ ಸೇರಿಸಲಿ, ಮಿಕ್ಕದ್ದನ್ನು ದಡದಲ್ಲಿ ನಾನು ನೋಡಿಕೊಳ್ಳುತ್ತೇನೆ.

ಇಂತಿ,
ಸದ್ಯಕ್ಕೆ ನಿಮ್ಮ ಹೆಂಡತಿಗಿಂತ ಹೆಚ್ಚಾಗಿ
ನಿಮ್ಮ ಮಗಳ ತಾಯಿ

ವಿ.ಸೂ.: ಲಕೋಟೆಗೆ ಅಂಟು ಹಚ್ಚುತ್ತಿದ್ದೆ, ಇವಳು ಹೊರಗೆ ಬಂದಳು. "ಅಪ್ಪನಿಗಾ? ನಾನು ಆಡ್ತೀನಿ ಅಂತ ಬರಿ. ಆದ್ರೆ ಅಪ್ಪ ಬರ್ಬೇಕು. ಜನರ ಜೊತೆ ಕೂತ್ಕೊಳ್ಳೋಕಲ್ಲ, ನನ್ನ ಮೂಲೇಲಿ ನಿಂತ್ಕೊಳ್ಳೋಕೆ" ಎಂದಳು. ನೀವು ರಜೆಗೆ ಇಳಿಯುವುದು ಅದೇ ವಾರವಲ್ಲವೇ? ನೆಪ ಹೇಳಬೇಡಿ. ಓಡಿಹೋಗಿ ಮೇಷ್ಟ್ರನ್ನು ಕೇಳಿ ಬಂದೆ. ಸುತ್ತು ಮುಗಿದಾಗಲೆಲ್ಲ ಅವಳು ಮೂಲೆಗೆ ಬಂದು ಸ್ಟೂಲಿನ ಮೇಲೆ ಕೂರುತ್ತಾಳೆ, ಬಾಯಿಗೆ ನೀರು ಕೊಡಬೇಕು, ಅವಳು ಮುಕ್ಕಳಿಸಿ ಉಗಿಯಲು ಬಕೆಟ್ಟು ಹಿಡಿಯಬೇಕು, ಮುಖ ಒರೆಸಬೇಕು. ಮೂಲೆಯವರು ಟವೆಲನ್ನು ರಿಂಗಿನೊಳಗೆ ಎಸೆದರೆ ಪಂದ್ಯ ಅಲ್ಲಿಗೇ ನಿಲ್ಲುತ್ತದಂತೆ. ಆದ್ದರಿಂದ ಟವೆಲು ಮೇಷ್ಟ್ರ ಹೆಗಲ ಮೇಲಿರುತ್ತದೆ, ಮೇಷ್ಟ್ರ ಬೆನ್ನ ಹಿಂದೆ ನಾನಿರುತ್ತೇನೆ. ನಿಮ್ಮದು ಬಕೆಟ್ಟು. ಹಾಲ್‌ನ ಬಕೆಟ್ಟು ತಳ ಒಡೆದು ಸೋರುತ್ತದೆ. ಬಂದರಿನಲ್ಲಿ ಇಳಿದ ಕೂಡಲೇ ಹೊಸದೊಂದು ಕೊಂಡು ತನ್ನಿ, ಮರೆಯಬೇಡಿ. ಹಿಡಿಕೆ ಗಟ್ಟಿಯಿರಲಿ, ಮತ್ತೆ ಹಿಡಿಯಲು ಎರಡೂ ಕೈ ಬೇಕಾಗುವಷ್ಟು ದೊಡ್ಡದಿರಲಿ.